ಸ್ಟೇಟಸ್ಸಿನ ಹೊಲ

ಕಾಶೀನಾಥನಿಗೆ ಭೂಮಿ ಎಂಬುದು ಇದ್ದರೆ ಅದು ಬೀದರಿನ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಎರಡು ಒಡಕು ಬಕೆಟ್ಟುಗಳಲ್ಲಿತ್ತು. ಒಂದರಲ್ಲಿ ಕರಿಬೇವು. ಇನ್ನೊಂದರಲ್ಲಿ ಏನನ್ನು ನೆಟ್ಟಿದ್ದೆನೆಂದು ಅವನಿಗೇ ಮರೆತುಹೋಗಿತ್ತು, ಅದಕ್ಕೂ ಮರೆತುಹೋಗಿತ್ತೆಂದು ಕಾಣುತ್ತದೆ, ಮೊಳೆಯಲಿಲ್ಲ. ಬಕೆಟ್ಟುಗಳು ಅವನವು, ಮಣ್ಣು ಮನೆಯ ಮಾಲೀಕ ಬೆಂಜಮಿನ ಮಾಸ್ತರರದು. ಇಂಥವನು ಒಂದು ದಿನ ಭಾತಂಬ್ರಾ ಸೀಮೆಯಲ್ಲಿ ತೊಗರಿ ಬೆಳೆಯುವ ಜಮೀನುದಾರನಾಗಿಬಿಟ್ಟ. ಅದಕ್ಕೆ ಅವನು ಪಟ್ಟ ಶ್ರಮವೆಂದರೆ ಬೈಕು ನಿಲ್ಲಿಸಿದ್ದು.

ಅವನು ಒಂದು ಖಾಸಗಿ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕ. ಭಾಲ್ಕಿಯಲ್ಲಿ ಹೆಂಡತಿ ಕಾಜಲಳ ದೂರದ ಸಂಬಂಧಿಕರ ಮದುವೆಗೆ ಅವಳ ಜೊತೆ ಹೋಗಿದ್ದ. ಆ ಕಡೆ ಮದುವೆಗೆ ಬಂದ ಗಂಡಸರಿಗೆ ಆಯೇರಿ ಎಂದು ಬಿಳಿ ಟೊಪ್ಪಿಗೆ, ಟವೆಲು ಕೊಡುವುದು ರೂಢಿ. ಟೊಪ್ಪಿಗೆ ತಲೆಯ ಮೇಲೆ, ಟವೆಲು ಹೆಗಲ ಮೇಲೆ, ನಾಲ್ಕು ಲೋಟ ಮಜ್ಜಿಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಹೊರಟವನಿಗೆ ಭಾತಂಬ್ರಾ ಹತ್ತಿರ ಮಜ್ಜಿಗೆ ತಡೆಯಲಿಲ್ಲ. ರಸ್ತೆ ಬದಿಗೆ ಬೈಕು ನಿಲ್ಲಿಸಿ, ಎದೆಯೆತ್ತರ ಬೆಳೆದ ತೊಗರಿಯೊಳಗೆ ಮರೆಯಾದ. ಮರಳಿ ಬರುವಾಗ ಸಂಜೆಯ ಬಿಸಿಲು, ಸುತ್ತ ಹಳದಿ ಹೂವು, ನಡುವೆ ಹಗುರಾದ ಮನುಷ್ಯನ ಮುಖದ ನೆಮ್ಮದಿ.

"ನಿಲ್ರಿ ಜರಾ, ಅಲ್ಲೇ ನಿಲ್ರಿ," ಎಂದಳು ಕಾಜಲ. "ಥೇಟ್ ಗೌಡರ ಕಂಡಂಗ ಕಾಣ್ಲಕತ್ತೀರಿ."

ಮದುವೆಯಾದಾಗಿನಿಂದ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಕಾಶೀನಾಥ ಸೊಂಟದ ಮೇಲೆ ಕೈಯಿಟ್ಟು ನಿಂತ. ಕಾಜಲ ಫೋಟೋ ಹೊಡೆದಳು.

ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯಿಲ್ಲ. ಮರುದಿನ ಗ್ರಂಥಾಲಯದಲ್ಲಿ ಪುಸ್ತಕ ಕೇಳುವವರು ಎಂದಿನಂತೆ ಯಾರೂ ಬರಲಿಲ್ಲವಾದ್ದರಿಂದ ಅವನು ಆ ಫೋಟೋಕ್ಕೊಂದು ಚೌಕಟ್ಟು ಹಾಕಲು ಕುಳಿತ. ಫೋನಿನಲ್ಲಿ ಸಿದ್ಧವಾಗಿದ್ದ ಚೌಕಟ್ಟುಗಳು ಮೂರು ಬಗೆಯವು. ಒಂದರಲ್ಲಿ ಕೇಕು, 'ಹುಟ್ಟುಹಬ್ಬದ ಶುಭಾಶಯ'. ಒಂದರಲ್ಲಿ ದೀಪ, 'ಭಾವಪೂರ್ಣ ಶ್ರದ್ಧಾಂಜಲಿ'. ಮೂರನೆಯದರಲ್ಲಿ ಜೋಡೆತ್ತು, 'ನಮ್ಮ ಹೊಲ, ನಮ್ಮ ಹೆಮ್ಮೆ'. ಹುಟ್ಟಿದ ದಿನವೂ ಅಲ್ಲ, ಸತ್ತೂ ಇಲ್ಲ ಎಂಬ ಕಾರಣಕ್ಕೆ ಕಾಶೀನಾಥ ಮೂರನೆಯದನ್ನು ಆರಿಸಿದ, ಸ್ಟೇಟಸ್ಸಿಗೆ ಹಾಕಿದ. ಸ್ಟೇಟಸ್ಸು ಒಂದು ದಿನಕ್ಕೆ ಅಳಿಸಿಹೋಗುತ್ತದೆ ಎಂದು ಅವನು ನಂಬಿದ್ದ. ಅಳಿಸಿಹೋಯಿತು ಕೂಡ, ಅವನ ಫೋನಿನಿಂದ ಮಾತ್ರ.

ಮೊದಲು ಹಿಡಿದವರು ಬೆಂಜಮಿನ ಮಾಸ್ತರರು. ಮಿಷನ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅವರಿಗೆ ಸುಳ್ಳು ಹೇಳುವ ಹುಡುಗರನ್ನು ಮುಖ ನೋಡಿಯೇ ಗುರುತಿಸುತ್ತೇನೆಂಬ ಹೆಮ್ಮೆ ಇತ್ತು.

"ಕಾಶೀನಾಥ, ಭಾಳ ಖುಷಿ ಆಯ್ತಪಾ. ಎಷ್ಟು ಎಕರೆ?"

"ಅದು ನಮ್ಮದಲ್ರಿ ಸರ್. ಸುಮ್ಮ ನಿಂತು ತಗದ ಫೋಟೋ."

ಮಾಸ್ತರರು ಅವನ ಮುಖವನ್ನು ದಿಟ್ಟಿಸಿದರು. "ಬಾಡಗಿ ಹೆಚ್ಚು ಮಾಡ್ತೇನಿ ಅಂತ ಅಂಜ್ಲಕತ್ತಿ ಹೌದಿಲ್ಲೋ? ಇಲ್ಲಪಾ, ಮಾಡಂಗಿಲ್ಲ. ಆದ್ರ ದೇವರು ಕೊಟ್ಟಾಗ ಕೊಟ್ಟಾನ ಅನ್ಬೇಕು."

"ಕೊಟ್ಟಿಲ್ರಿ ಸರ್."

"ನೋಡು, ಮತ್ತ!"

ಒಳಗಿನಿಂದ ಅವರ ಹೆಂಡತಿ, ನರ್ಸ್ ಕೆಲಸದಲ್ಲಿದ್ದ ಲೂಸಿ, ಕೂಗಿದರು: "ಎಳ್ಳ ಅಮಾಸಿಗೆ ನಮಗೂ ಕರೀತಾರಂತೇನು ಕೇಳ್ರಿ!"

ಈ ಎಳ್ಳ ಅಮಾವಾಸ್ಯೆ ಬೀದರ ಸೀಮೆಯಲ್ಲಿ ಮನೆಯೊಳಗೆ ಕುಳಿತು ಮಾಡುವ ಹಬ್ಬವಲ್ಲ. ಅಂದು ಹೊಲ ಇದ್ದವರು ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಕಡಬು, ಅಂಬಲಿ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೊಲ ಇಲ್ಲದವರು ಹೊಲ ಇದ್ದವರ ಜೊತೆಗೆ ಹೋಗುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತರು ಎಂದು ಯಾರೂ ಕೇಳುವುದಿಲ್ಲ. ಹೊಲ ಇದ್ದೂ ಕರೆಯದವನನ್ನು ಮಾತ್ರ ಎಲ್ಲ ಧರ್ಮದವರೂ ಒಟ್ಟಾಗಿ ವರ್ಷವಿಡೀ ನೆನಪಿಡುತ್ತಾರೆ. ಕಾಶೀನಾಥ ಇಷ್ಟು ವರ್ಷ ಎರಡನೆಯ ಪಂಗಡದಲ್ಲಿ ಸುಖವಾಗಿದ್ದವನು. ಪ್ರತಿ ಅಮಾವಾಸ್ಯೆಗೂ ಔರಾದ ಹತ್ತಿರದ ಹಳ್ಳಿಯಲ್ಲಿ ಕಾಜಲಳ ಅಣ್ಣ ಹಣಮಂತಪ್ಪನ ಹೊಲಕ್ಕೆ ಹೋಗಿ, ಉಂಡು, ಬೇವಿನ ನೆರಳಲ್ಲಿ ಮಲಗಿ ಎದ್ದು ಬರುತ್ತಿದ್ದ. ಬರುವಾಗ ಜೀಪಿನ ಮೇಲೆ ಎರಡು ಚೀಲ ಜೋಳ, ಒಂದು ಚೀಲ ಹೆಸರು. ತವರಿನಿಂದ ಮಗಳಿಗೆ. ಬೀದರಿನ ಆ ಮನೆಯ ವರ್ಷದ ರೊಟ್ಟಿ ಅದರ ಮೇಲೆಯೇ ನಡೆಯುತ್ತಿತ್ತು.

ಎರಡನೆಯ ವಿಚಾರಣೆ ಆ ಕಡೆಯಿಂದಲೇ, ಫೋನಿನಲ್ಲಿ ಬಂತು. ಹಣಮಂತಪ್ಪನ ಹೆಂಡತಿ ಕಾಂತಾಬಾಯಿ. ಚೀಲಗಳು ಜೀಪಿಗೆ ಏರುವಾಗಲೆಲ್ಲ, "ಒಯ್ಯವ್ವ ಒಯ್ಯಿ, ಹೊಲಾ ಇಲ್ದವರ ಹೊಟ್ಟಿ ಜರಾ ದೊಡ್ಡದೇ ಇರ್ತದ," ಎಂದು ನಗುತ್ತ ಹೇಳುವ ಹೆಂಗಸು.

"ಏನ ಕಾಜಲ, ಹೊಲಾ ತಗೊಂಡೀರಂತ. ವೈನಿಗಿ ಒಂದು ಮಾತು ಹೇಳ್ಬಾರ್ದೇನು?"

ಕಾಶೀನಾಥ ಎದುರಿಗೆ ನಿಂತು ಎರಡೂ ಕೈಯಿಂದ ಬೇಡ ಬೇಡ ಎಂದು ಸನ್ನೆ ಮಾಡಿದ. ಕಾಜಲ ಅವನಿಗೆ ಬೆನ್ನು ತಿರುಗಿಸಿ ನಿಂತಳು.

"ಏನೋ ವೈನಿ, ದೇವರ ದಯಾ," ಎಂದಳು.

ಈ ನಾಲ್ಕು ಪದಗಳ ಬೆಲೆ ಮರುದಿನ ಬೆಳಿಗ್ಗೆ ತಿಳಿಯಿತು. ಹಣಮಂತಪ್ಪ ಸ್ವತಃ ಫೋನು ಮಾಡಿದ. ಕುರಿಯ ಹಿಂಡಿನೊಂದಿಗೆ ಮಾತಾಡಿ ರೂಢಿಯಾದ್ದರಿಂದ ಅವನಿಗೆ ಸಣ್ಣ ದನಿ ಬರುತ್ತಿರಲಿಲ್ಲ. ಅಂದು ಮಾತ್ರ ದನಿ ಒದ್ದೆಯಾಗಿತ್ತು.

"ಕಾಶೀನಾಥರ, ಹೊಲಾ ಇಲ್ದ ಮನಿಗೆ ಕೊಟ್ಟೀವಿ, ಕಾಳು ಕಳಸೋದು ಬಿಡಬ್ಯಾಡ ಅಂತ ನಮ್ಮವ್ವ ಸಾಯೋ ಮುಂದ ಹೇಳಿದ್ಲು. ಇವತ್ತ ನೀವೇ ಹೊಲದವರಾದ್ರಿ. ಅವ್ವನ ಮಾತು ಮುಗೀತು ನೋಡ್ರಿ. ನನಗ ಹೆಗಲ ಹಗುರ ಆಯ್ತು."

"ಅಣ್ಣಾರ..."

"ಈ ಸಲ ಆ ಮೂರು ಚೀಲ ಭಾಲ್ಕಿಗೆ ಒಯ್ದು ಅಡತಿ ಅಂಗಡಿಗಿ ಮಾರ್ಲಿಕ್ಕ ಹಾಕ್ತೇನಿ. ಹ್ಯಾಂಗೂ ಆ ಕಡೀಗೇ ಬರೋದದ. ಎಳ್ಳ ಅಮಾಸಿ ನಿಮ್ಮ ಹೊಲದಾಗ."

"ಅಣ್ಣಾರ, ದೇವರಾಣಿ, ನಮಗ ಹೊಲಾನೇ ಇಲ್ರಿ."

ಅತ್ತ ಕುರಿಗಳನ್ನು ಗದರಿಸಿ ದೂರ ಅಟ್ಟಿದ ಸದ್ದು ಕೇಳಿತು. ಆಮೇಲೆ ಹಣಮಂತಪ್ಪ ಮೆಲ್ಲಗೆ ಹೇಳಿದ: "ಹಿಂಗ ಮಾಡಬ್ಯಾಡ್ರಿ ಕಾಶೀನಾಥರ. ಮೂರು ಚೀಲ ಕಾಳಿಗಾಗಿ ಇದ್ದ ಹೊಲಾ ಇಲ್ಲ ಅಂತೀರಿ? ಫೋಟೋ ಸುಳ್ಳ ಹೇಳ್ತದೇನು? ಭೂಮಿತಾಯಿಗೆ ಹಂಗ ಅನ್ನಬಾರದು."

ಕಾಶೀನಾಥನ ಜೀವನದ ಇಕ್ಕಟ್ಟು ಹೀಗೆ ಗಟ್ಟಿಯಾಯಿತು. ಹೊಲ ಇದೆ ಎಂದರೆ ಜೋಳವಿಲ್ಲ. ಹೊಲ ಇಲ್ಲ ಎಂದರೆ ಮರ್ಯಾದೆಯಿಲ್ಲ, ಜೋಳವಂತೂ ಮೊದಲೇ ಇಲ್ಲ.

ಕಾಜಲ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ತೀರ್ಪು ಹೇಳಿದಳು. "ವೈನಿ ಮುಂದ ನನ್ನ ಮಾತು ಸುಳ್ಳ ಆಗ್ಬಾರದು. ನಮ್ಮಣ್ಣನ ಜ್ವಾಳಾನೂ ಬರ್ಬೇಕು. ಹ್ಯಾಂಗ ಮಾಡ್ತೀರಿ ನೋಡ್ರಿ."

"ಎರಡೂ ಹ್ಯಾಂಗ ಆಗ್ತದ?"

"ಆ ಹೊಲದವರ ಕಡಿ ಹೋಗಿ ಒಂದಿನದ ಮಟ್ಟಿಗಿ ಕೇಳ್ರಿ. ಅಣ್ಣಗ ತೋರ್ಸೋಣ. ಆಮ್ಯಾಲ ಸಂಕ್ರಾಂತಿ ಬಂದಾಗ ನಾ ಅಳಕೋತ ಫೋನ್ ಮಾಡ್ತೇನಿ. ಹೊಲಾ ಏನೂ ಬೆಳೀಲಿಲ್ಲ, ಮಾರಿದವರಿಗೇ ತಿರುಗಿ ಕೊಟ್ವಿ ಅಂತ. ಅಣ್ಣನ ಕರುಳು ಚುರ್ ಅಂತದ. ಜ್ವಾಳ ಬರ್ತದ."

ಇಂಥ ಯೋಜನೆ ರೂಪಿಸಲು ಕಾಜಲಳೇ ಬೇಕು. ಜಾರಿಗೆ ತರಲು ಕಾಶೀನಾಥನಂಥವನು ಮಾತ್ರ ಸಿಗಬಾರದು.

ಭಾತಂಬ್ರಾದಲ್ಲಿ ಆ ಹೊತ್ತಿಗೆ ಏನಾಗಿತ್ತೆಂಬುದು ಅವನಿಗೆ ತಿಳಿದಿರಲಿಲ್ಲ. ಆ ತೊಗರಿ ಹೊಲ ಧೂಳಪ್ಪ ಮತ್ತು ವೈಜಿನಾಥ ಎಂಬ ಅಣ್ಣತಮ್ಮಂದಿರದು. ಮನೆ ಪಾಲಾಗಿತ್ತು, ಹೊಲ ಪಾಲಾಗಿರಲಿಲ್ಲ, ಮಾತು ನಿಂತು ವರ್ಷಗಳಾಗಿದ್ದವು. ಒಬ್ಬ ಬಿತ್ತಿದರೆ ಇನ್ನೊಬ್ಬ ಕಳೆ ತೆಗೆಸುತ್ತಿದ್ದ, ಒಬ್ಬ ಹಗಲು ಕಾದರೆ ಇನ್ನೊಬ್ಬ ಸಂಜೆ ಬರುತ್ತಿದ್ದ. ಎಲ್ಲ ಮಾತಿಲ್ಲದೆ. ಒಂದು ವಿಷಯದಲ್ಲಿ ಮಾತ್ರ ಕೆಲಸ ನಿಂತಿತ್ತು. ಎಳ್ಳ ಅಮಾವಾಸ್ಯೆಯಂದು ಪೂಜೆಯಾದ ಮೇಲೆ ಹೊಲದ ಯಜಮಾನ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ ಬೆಳೆಯ ನಡುವೆ ಚೆಲ್ಲುತ್ತ ಹೊಲ ಸುತ್ತುತ್ತಾನೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹೊಲದಲ್ಲಿ ಯಾರು ಬೇಕಾದರೂ ಉಣ್ಣಬಹುದು, ಚರಗ ಚೆಲ್ಲುವವನು ಹೊಲದವನೇ. ಧೂಳಪ್ಪ ಬುಟ್ಟಿ ತಂದರೆ ವೈಜಿನಾಥ ಅಡ್ಡ ನಿಲ್ಲುತ್ತಿದ್ದ, ವೈಜಿನಾಥ ತಂದರೆ ಧೂಳಪ್ಪ. ಹೀಗಾಗಿ ಆ ಹೊಲ ಚರಗ ಕಾಣದೆ ಉಪವಾಸವಿತ್ತು.

ಅಂಥ ಹೊಲದಲ್ಲಿ ಅಪರಿಚಿತನೊಬ್ಬ ಬಿಳಿ ಟೊಪ್ಪಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಜೋಡೆತ್ತಿನ ನಡುವೆ 'ನಮ್ಮ ಹೊಲ' ಎಂದು ನಿಂತ ಫೋಟೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾರಿ ಊರಿಗೆ ಬಂದಿತ್ತು. ತಮ್ಮ ಗುಟ್ಟಾಗಿ ಮಾರಿದನೆಂದು ಧೂಳಪ್ಪ ನಂಬಿದ. ಅಣ್ಣ ಮಾರಿದನೆಂದು ವೈಜಿನಾಥ ನಂಬಿದ. ಮಾತೇ ಇಲ್ಲದ್ದರಿಂದ ಒಬ್ಬರನ್ನೊಬ್ಬರು ಕೇಳುವಂತಿರಲಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಪಂಚರ ಮನೆಗೆ ಅಲೆದರು.

ಕಾಶೀನಾಥ ಊರ ಬಾಗಿಲಿನ ಹೋಟೆಲಿನಲ್ಲಿ ಚಹಾ ಹೇಳಿ, "ಆ ರಸ್ತಿ ಬದೀ ತೊಗರಿ ಹೊಲ ಯಾರದರಿ?" ಎಂದು ಕೇಳಿದಾಗ ಹೋಟೆಲಿನ ಬಾಯಿಗಳೆಲ್ಲ ನಿಂತವು. ಮೂಲೆಯಲ್ಲಿ ಕುಳಿತಿದ್ದ ವೈಜಿನಾಥ ಚಹಾದ ಬಸಿಯನ್ನು ಕೆಳಗಿಟ್ಟ. ಫೋಟೋದಲ್ಲಿ ಕಂಡ ಅದೇ ಮುಖ.

"ನಮ್ಮದೇರಿ. ಹೇಳ್ರಿ."

"ನಮಸ್ಕಾರರಿ. ಎಳ್ಳ ಅಮಾಸಿ ದಿನ ನಿಮ್ಮ ಹೊಲದಾಗ ಜರಾ ಪೂಜಾ ಮಾಡಿ, ಉಂಡು ಹೋಗ್ತೇವಂತ ಕೇಳ್ಲಿಕ್ಕ ಬಂದೀನ್ರಿ."

"ನಿಮ್ಮ ಹೊಲ ಅಂದ್ರೇನು ನಮಗ?"

"ಹೌದ್ರಿ, ನಿಮ್ಮದೇ ಅಲ್ರಿ?"

"ಖರೀದಿ ಮಾಡಿದವರು ಹಂಗ ಅನ್ನೋದು ದೊಡ್ಡ ಗುಣರಿ."

"ನಾ ಖರೀದಿ ಮಾಡಿಲ್ರಿ!"

"ಬಿಲಕುಲ್ ಮಾಡಿಲ್ರಿ," ಎಂದು ವೈಜಿನಾಥ ಹೋಟೆಲಿನವರ ಕಡೆ ಕಣ್ಣು ಹೊಡೆದ. "ಬರ್ರಿ. ಮಂದೀನೂ ಕರ್ಕೊಂಡ ಬರ್ರಿ. ಚರಗಾನೂ ನೀವೇ ಚೆಲ್ರಿ. ಅದು ಎಲ್ಲಾರ ಕಣ್ಮುಂದ ಆಗ್ಬೇಕು ನೋಡ್ರಿ."

ಚಹಾದ ದುಡ್ಡನ್ನೂ ಅವನೇ ಕೊಟ್ಟ. ಅಣ್ಣನಿಂದ ಗುಟ್ಟಾಗಿ ಕೊಂಡವನನ್ನು ಚರಗದ ಬುಟ್ಟಿ ಸಮೇತ ಪಂಚರ ಮುಂದೆ ಹಿಡಿಯುವುದು ಅವನ ಲೆಕ್ಕ. ಕಾಶೀನಾಥ ಮನೆಗೆ ಬಂದು, ಭಾತಂಬ್ರಾದ ಮಂದಿಯಂಥ ದೊಡ್ಡ ಮನಸ್ಸಿನವರನ್ನು ತಾನು ಎಲ್ಲೂ ಕಂಡಿಲ್ಲವೆಂದು ಹೆಂಡತಿಗೆ ಹೇಳಿದ.

ಅಮಾವಾಸ್ಯೆಯ ಬೆಳಿಗ್ಗೆ ಔರಾದಿನಿಂದ ಚಾಂದ ಪಾಶಾನ ಕ್ರೂಸರ್ ಜೀಪು ಬಂದು ಬಾಗಿಲಲ್ಲಿ ನಿಂತಿತು. ಮುಂದೆ ಹಣಮಂತಪ್ಪ, ಕಂಬಳಿ, ಕೋಲು. ಹಿಂದೆ ಕಾಂತಾಬಾಯಿ ಮತ್ತು ಬುಟ್ಟಿಗಳು. ಮೇಲಿನ ಕ್ಯಾರಿಯರ್ ಮೇಲೆ ಹಗ್ಗ ಬಿಗಿದ ಮೂರು ಚೀಲ: ಎರಡು ಜೋಳ, ಒಂದು ಹೆಸರು. ಕಾಜಲ ಅಣ್ಣನ ಕಾಲು ಮುಟ್ಟುವಾಗಲೂ ಅವಳ ಕಣ್ಣು ಕ್ಯಾರಿಯರ್ ಮೇಲೆಯೇ ಇತ್ತು.

"ಊರಾಗ ನಮ್ಮ ಹೊಲದ ಪೂಜಾ ಮಗನ ಕೈಯಾಗ ಬಿಟ್ಟು ಬಂದೀನಿ," ಎಂದ ಹಣಮಂತಪ್ಪ. "ಹುಟ್ಟಿದಾಗಿಂದ ಇದೇ ಮೊದಲ ಸಲ. ತಂಗಿ ಹೊಲಾ ಅಂದ್ಮ್ಯಾಲ ಬರ್ದೇ ಇರ್ಲಕ್ಕ ಆಗ್ತದೇನು?"

ಬೆಂಜಮಿನ ಮಾಸ್ತರರು ಕರಿ ಕನ್ನಡಕ ಹಾಕಿಕೊಂಡು, ಲೂಸಿ ಕೈಚೀಲದ ತುಂಬ ಕಿತ್ತಳೆ ತುಂಬಿಕೊಂಡು ಹತ್ತಿದರು. ಕಾಶೀನಾಥ ಹಿಂದಿನ ಸೀಟಿನಲ್ಲಿ ಅಂಬಲಿಯ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಪ್ರತಿ ತಗ್ಗಿಗೂ ಒಂದಿಷ್ಟು ಅಂಬಲಿ ಅವನ ಷರ್ಟನ್ನು ಸೇರುತ್ತಿತ್ತು.

"ಕ್ಯಾ ಜಮೀನ್ ಹೈ ಭಾಯಿಸಾಬ್!" ಎಂದ ಚಾಂದ ಪಾಶಾ, ತೊಗರಿ ಹೊಲದ ಪಕ್ಕ ಜೀಪು ನಿಲ್ಲಿಸುತ್ತ. "ಇಷ್ಟ ದಿನಾ ಬಡವರಂಗ ನಮ್ಮ ಜೀಪಿನಾಗ ಹಿಂದ ಕುಂಡ್ರತಿದ್ರಲ್ಲ, ಹದ್ ಹೋಗಯಿ."

"ನಮ್ಮದಲ್ಲಪಾ ಇದು."

"ಹಾಂ ಹಾಂ. ಶ್ರೀಮಂತರು ಹಿಂಗೇ ಅಂತಾರ."

ಹಣಮಂತಪ್ಪ ಮಣ್ಣು ಹಿಡಿದು ಹಿಸುಕಿ ನೋಡಿದ. ಮೂಸಿದ. ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡ. "ಮಸ್ತ ಅದ. ಬಿತ್ತಿದ್ದು ಯಾವ ಮಳಿಗಿ?"

"ಮಳಿ ಬಂದಾಗ ಬಿತ್ತಿರಬೇಕರಿ."

"ಯಾವ ಬೀಜ?"

"ತೊಗರಿ ಬೀಜಾನೇ ಇರಬೇಕಲ್ರಿ ಅಣ್ಣಾರ."

ಹಣಮಂತಪ್ಪ ಹೆಂಡತಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: "ಬ್ಯಾರೆಯವರಿಗಿ ಪಾಲಿಗೆ ಹಾಕ್ಯಾರ. ದೊಡ್ಡ ಮಂದಿ ಹೊಲದಾಗ ತಾವು ಕಾಲಿಡಂಗಿಲ್ಲ."

ಕಾಂತಾಬಾಯಿ ಬುಟ್ಟಿಗಳನ್ನು ಇಳಿಸಿಕೊಂಡಳು. ಅವಳು ಬಹಳ ಹೊತ್ತು ಏನೂ ಹೇಳದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲವೆಂದು ಕಾಜಲಳಿಗೆ ಗೊತ್ತಿತ್ತು.

ಬದುವಿನ ಹತ್ತಿರ ಜೋಳದ ದಂಟು ನಿಲ್ಲಿಸಿ ಸಣ್ಣ ಗುಡಿಸಲು ಮಾಡಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿದರು. ಪೂಜೆಯಾಯಿತು. ಕಾಯಿ ಒಡೆಯಿತು. ಹಣಮಂತಪ್ಪ ಚರಗದ ಬುಟ್ಟಿಯನ್ನು ಎತ್ತಿ ಕಾಶೀನಾಥನ ಕೈಗೆ ಕೊಟ್ಟ.

"ನೀವೇ ಚೆಲ್ರಿ ಅಣ್ಣಾರ, ಹಿರಿಯರು," ಎಂದ ಕಾಶೀನಾಥ.

"ಹೊಲಾ ಯಾರದೋ ಚರಗ ಅವರದು. ನಡೀರಿ."

ಕಾಜಲ ಹಿಂದಿನಿಂದ ಸಣ್ಣಗೆ ಚಿವುಟಿದಳು. ಕಾಶೀನಾಥ ಹೊರಟ. ಬುಟ್ಟಿ ಎಡಗೈಯಲ್ಲಿ, ಬಲಗೈಯಲ್ಲಿ ಭಜ್ಜಿ ಅನ್ನದ ಮುಷ್ಟಿ. ಮೊದಲ ನಾಲ್ಕು ಮುಷ್ಟಿ ಸಂಕೋಚದಿಂದ ಚೆಲ್ಲಿದ. ಅಲ್ಲಿಂದ ಮುಂದೆ ಗಾಳಿ ಹಿತವಾಗಿತ್ತು, ಹಿಂದೆ ಮಾಸ್ತರರು ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಿದ್ದರು, ಲೂಸಿ ಫೋಟೋ ಹೊಡೆಯುತ್ತಿದ್ದರು. ಹೀಗಾಗಿ ಅವನು ಕೈ ಬೀಸಿ ಬೀಸಿ, ಪಕ್ಕಾ ಜಮೀನುದಾರನಂತೆ ಚೆಲ್ಲತೊಡಗಿದ. ಸುತ್ತಿ ಮುಗಿಸಿ ತೊಗರಿಯಿಂದ ಹೊರಬಂದಾಗ ಎದುರಿಗೆ ಊರೇ ನಿಂತಿತ್ತು.

ಬಲಗಡೆ ವೈಜಿನಾಥ ಮತ್ತು ಅವನ ಕಡೆಯ ಪಂಚರು. ಸುದ್ದಿ ಕೇಳಿ ಓಡಿ ಬಂದ ಧೂಳಪ್ಪ ಮತ್ತು ಅವನ ಕಡೆಯ ಪಂಚರು ಎಡಗಡೆ. ನಡುವೆ ಕಾಶೀನಾಥ, ಖಾಲಿ ಬುಟ್ಟಿ.

"ನೋಡ್ರಿ ಪಂಚರು!" ಎಂದ ವೈಜಿನಾಥ. "ಇಂವಗೇ ಮಾರ್ಯಾನ ನಮ್ಮಣ್ಣ. ಚರಗ ಸುದ್ದಾ ಚೆಲ್ಲಿಬಿಟ್ಟ!"

"ಇಂವಗ ಹೊಲದಾಗ ಬಾ ಅಂತ ಹೋಟೆಲಿ‌ನಾಗ ಕುಂತು ಹೇಳಿದಾವ್ ಯಾರು? ಇಂವ!" ಎಂದ ಧೂಳಪ್ಪ, ತಮ್ಮನ ಹೆಸರೆತ್ತದೆ, ಪಂಚರನ್ನೇ ನೋಡುತ್ತ. "ಚಹಾ ಕುಡ್ಸಿ ಕರ್ದಾನ. ಮಾರದೇ ಕರೀತಾರೇನು?"

ಎರಡೂ ಕಡೆಯವರು ಕಾಶೀನಾಥನ ಕಡೆ ತಿರುಗಿದರು. "ನೀವೇ ಹೇಳ್ರಿ. ಯಾರ ಕಡಿಂದ ತಗೊಂಡ್ರಿ?"

"ಯಾರ ಕಡಿಂದಾನೂ ಇಲ್ರಿ. ನಾ ಈ ಹೊಲದಾಗ ಬಂದದ್ದು ಮಜ್ಜಿಗಿ ಭಾಳಾಗಿ ಒಂದಾ ಮಾಡ್ಲಿಕ್ಕರಿ."

ಪಂಚರಲ್ಲಿ ಹಿರಿಯನೊಬ್ಬ ಬೇಸರದಿಂದ ತಲೆಯಾಡಿಸಿದ. "ಟೊಪ್ಪಿಗಿ ಹಾಕ್ಕೊಂಡು, ಸೊಂಟದ ಮ್ಯಾಲ ಕೈ ಇಟ್ಟು ಯಾರೂ ಒಂದಾ ಮಾಡಂಗಿಲ್ಲ ತಮ್ಮಾ. ಖರೇ ಹೇಳು."

"ಮುಗಿಸಿ ಬಂದ್ಮ್ಯಾಲ ತಗದ ಫೋಟೋರಿ ಅದು!"

ಆಗ ಬೆಂಜಮಿನ ಮಾಸ್ತರರು ಕನ್ನಡಕ ತೆಗೆದು ಮುಂದೆ ಬಂದರು. ಅನ್ಯಾಯ ಕಂಡಾಗ ಸುಮ್ಮನಿರುವುದು ಅವರಿಗೆ ತಿಳಿಯದು. ತಿಳಿದಿದ್ದರೆ ಅಂದು ಬಹಳ ಉಪಕಾರವಾಗುತ್ತಿತ್ತು. "ನಾ ಇವರ ಮನಿ ಮಾಲೀಕ. ಈ ಮನುಷ್ಯ ಎಂದೂ ಸುಳ್ಳ ಹೇಳಿದವಲ್ಲ. ಹೊಲಾ ಇವರದೇ. ಫೋಟೋ ನಾ ಕಣ್ಣಾರೆ ನೋಡೀನಿ."

"ಅವರೇ ಇಲ್ಲ ಅಂತಾರಲ್ರಿ ಮಾಸ್ತರ?"

"ಅದು ವಿನಯ."

ಧೂಳಪ್ಪ ಕಾಶೀನಾಥನ ಕೈಯ ಬುಟ್ಟಿಗೆ ಕೈಹಾಕಿದ. ವೈಜಿನಾಥ ಇನ್ನೊಂದು ಕಿವಿ ಹಿಡಿದ, ಬುಟ್ಟಿಯದು. ಇದನ್ನು ಕಂಡ ಹಣಮಂತಪ್ಪ ಕಂಬಳಿ ಒಗೆದು, ಕೋಲೂರಿ ನಡುವೆ ನಿಂತು ಕೂಗಿದ. ತೋಳ ಓಡಿಸಿದ ದನಿ ಅದು. ಪಕ್ಕದ ಹೊಲಗಳವರು ಉಣ್ಣುವುದನ್ನು ಬಿಟ್ಟು ಎದ್ದು ನಿಂತರು.

"ನನ್ನ ತಂಗಿ ಹೊಲಕ್ಕ ಯಾರು ಕೈ ಹಚ್ತೀರಿ, ಬರ್ರಿ! ಕೋರ್ಟಿಗಿ ಹೋಗ್ತೀರೇನು? ನಾ ಬರ್ತೇನಿ! ಚಾಂದ ಪಾಶಾ, ಇಳಸು ಆ ಮೂರೂ ಚೀಲ! ಇವತ್ತೇ ಇಲ್ಲೇ ಮಾರಿ ಭಾಲ್ಕಿ ವಕೀಲಗ ಹಚ್ತೇನಿ. ಸಾಲದಿದ್ರ ಕುರಿ ಮಾರ್ತೇನಿ!"

ಚಾಂದ ಪಾಶಾ ವಿಧೇಯನಾಗಿ ಕ್ಯಾರಿಯರ್ ಹತ್ತಿ ಹಗ್ಗ ಬಿಚ್ಚತೊಡಗಿದ. ಕಾಜಲ ಅದನ್ನು ನೋಡಿದಳು. ಮೊದಲ ಗಂಟು ಬಿಚ್ಚಿತು. ವೈನಿಯನ್ನು ನೋಡಿದಳು. ಎರಡನೆಯ ಗಂಟು ಬಿಚ್ಚಿತು. ಎರಡು ಚೀಲ ಜೋಳ, ಒಂದು ಚೀಲ ಹೆಸರು ಭಾಲ್ಕಿಯ ವಕೀಲನೊಬ್ಬನ ಮನೆಯಲ್ಲಿ ರೊಟ್ಟಿಯಾಗಿ, ಕೋಸಂಬರಿಯಾಗಿ ಹೋಗುವುದು ಅವಳ ಕಣ್ಣಿಗೆ ಕಟ್ಟಿತು.

"ಅಣ್ಣಾ, ಬ್ಯಾಡ!" ಎಂದು ಚೀರಿದಳು. "ಹೊಲಾ ನಮ್ಮದಲ್ಲ! ಈ ಮನುಷ್ಯಾನ ಹೆಸರಿಲೆ ಒಂದು ಬದನಿಕಾಯಿ ಗಿಡಾನೂ ಇಲ್ಲ! ಮಾಳಿಗಿ ಮ್ಯಾಲ ಒಡದ ಬಕೆಟನಾಗ ಕರಿಬೇವ ಅದ, ಅದಕ್ಕೂ ನೀರ ಹಾಕೋದು ಮಾಸ್ತರ! ಒಂದಾ ಮಾಡ್ಲಿಕ್ಕೇ ನಿಂತಿದ್ರು. ನಾನೇ ಫೋಟೋ ಹೊಡ್ದೀನಿ. ಬೈಕ್ ನಾನೇ ಹಿಡ್ಕೊಂಡಿದ್ದೆ!"

ಹಲವು ದಿನಗಳಿಂದ ಕಾಶೀನಾಥ ಕಂಡಕಂಡವರಿಗೆ ಹೇಳುತ್ತ ಬಂದ ಅದೇ ಮಾತನ್ನು ಹೆಂಡತಿ ಒಮ್ಮೆ ಹೇಳಿದ ಕೂಡಲೇ ಎರಡೂ ಕಡೆಯ ಪಂಚರು ನಂಬಿದರು. ಗಂಡನ ಆಸ್ತಿಯ ಬಗ್ಗೆ ಹೆಂಡತಿಯ ಸಾಕ್ಷಿಗಿಂತ ದೊಡ್ಡದು ಇಲ್ಲವಷ್ಟೆ.

"ನನಗ ಫೋಟೋ ನೋಡಿದಾಗೇ ಗೊತ್ತಿತ್ತು," ಎಂದಳು ಕಾಂತಾಬಾಯಿ, ಅಂದು ಮೊದಲ ಬಾರಿಗೆ ಬಾಯಿಬಿಟ್ಟು. "ಹೊಲದಾಗ ಯಾರು ಮದಿವಿ ಬೂಟ ಹಾಕ್ಕೊಂಡ ನಿಂದ್ರತಾರ?"

"ಮತ್ತ ಯಾಕ ಬಂದಿ ವೈನಿ?"

"ನೀ ಎಲ್ಲಿತನ ಹೋಗ್ತಿ ನೋಡೋಣಂತ."

ಹಣಮಂತಪ್ಪ ಬದುವಿನ ಮೇಲೆ ಕುಳಿತ. ಕೋಲು ಕಾಲ ಬಳಿ ಬಿತ್ತು. "ನನ್ನ ಹೊಲಾ ಬಿಟ್ಟು," ಎಂದ. ಸುತ್ತ ನೋಡಿ, "ನನ್ನ ಹೊಲಾ ಬಿಟ್ಟು ನಾ ಮಂದಿ ಹೊಲದಾಗ ಅಮಾಸಿ ಮಾಡಿದ್ನೇನು?" ಎಂದ. ಲೂಸಿ ಒಂದು ಕಿತ್ತಳೆ ಸುಲಿದು ಅವನ ಕೈಗಿಟ್ಟರು. ಅವನು ಅದನ್ನು ಹಿಡಿದುಕೊಂಡೇ ಕುಳಿತ.

ಅತ್ತ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

"ನೀ ಮಾರಿಲ್ಲ?" ಎಂದ ಧೂಳಪ್ಪ.

"ನೀನೂ ಮಾರಿಲ್ಲ?" ಎಂದ ವೈಜಿನಾಥ.

ವರ್ಷಗಳ ಮೇಲೆ ಆಡಿದ ಮಾತು ಅಷ್ಟೇ. ಸಾಕಾಯಿತು. ಇಬ್ಬರೂ ಬೇವಿನ ಗಿಡದ ಕೆಳಗೆ ಹೋಗಿ ಗುಸುಗುಸು ಮಾತಾಡಿದರು. ಕಾಶೀನಾಥ ತನ್ನನ್ನು ಎಷ್ಟು ಹೊಡೆಯಬೇಕೆಂದು ನಿಶ್ಚಯಿಸುತ್ತಿದ್ದಾರೆಂದು ತಿಳಿದು ಬೂಟಿನ ಲೇಸು ಬಿಗಿ ಮಾಡಿಕೊಂಡ. ಧೂಳಪ್ಪ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ನೋಡ್ರಿ, ನಾ ಚರಗ ಚೆಲ್ಲಿದ್ರ ಇಂವ ಬಿಡಂಗಿಲ್ಲ. ಇಂವ ಚೆಲ್ಲಿದ್ರ ನಾ ಬಿಡಂಗಿಲ್ಲ. ಹೊಲಾ ಹಸದ ಕುಂತಿತ್ತು. ನೀವು ಚೆಲ್ಲೀರಿ, ನಮ್ಮಿಬ್ಬರಿಗೂ ಸೋಲಿಲ್ಲ. ನಿಮಗಂತೂ ಎಲ್ಲೂ ಭೂಮಿ ಇಲ್ಲ, ನಾಳಿ ಪಾಲ ಕೇಳ್ತೀರಿ ಅನ್ನೋ ಅಂಜಿಕೀನೂ ಇಲ್ಲ. ಇನ್ಮ್ಯಾಲ ವರ್ಷಾ ನೀವೇ ಬಂದು ಚೆಲ್ಬೇಕು."

"ಇಲ್ರಿ, ನನಗ..."

"ನೀವು ಇಲ್ಲ ಅಂದ್ರ ಹೌದು ಅಂತ, ನಮಗೀಗ ಗೊತ್ತಾಗ್ಯಾದ," ಎಂದು ವೈಜಿನಾಥ ಅವನ ಜೇಬಿನಿಂದ ಫೋನು ತೆಗೆದು ತನ್ನ ನಂಬರಿಗೆ ತಾನೇ ಕರೆ ಮಾಡಿಕೊಂಡ.

ಎಲ್ಲರೂ ಕೂಡಿ ಉಂಡರು. ಎರಡೂ ಕಡೆಯ ಪಂಚರೂ ಉಂಡರು. ಬಂದವರ ಸಂಖ್ಯೆ ನೋಡಿ ಕಾಂತಾಬಾಯಿ ನಾಲ್ಕು ಮಂದಿಯ ಎದುರು, "ಹೊಲಾ ಇಲ್ದವರ ಮನಿ ಊಟರಿ, ನಾಚಬ್ಯಾಡ್ರಿ," ಎಂದು ಬಡಿಸಿದಳು. ಕಾಜಲ ಅದನ್ನು ರೊಟ್ಟಿಯ ಜೊತೆ ನುಂಗಿದಳು.

ಹೊರಡುವ ಹೊತ್ತಿಗೆ ಹಣಮಂತಪ್ಪ ಕಂಬಳಿ ಜಾಡಿಸಿ ಹೆಗಲಿಗೆ ಹಾಕಿಕೊಂಡು ಮುಂದಿನ ಸೀಟು ಹತ್ತಿದ. ಚಾಂದ ಪಾಶಾ ಚೀಲಗಳ ಹಗ್ಗ ಮತ್ತೆ ಬಿಗಿದು, ಜೀಪು ಶುರು ಮಾಡಿ, "ಭಾಲ್ಕಿ ಅಡತಿಗೇನ್ರಿ ಸಾಹುಕಾರ?" ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ಕಾಜಲ ಮುಂದಕ್ಕೆ ಬಾಗಿದಳು.

ಹಣಮಂತಪ್ಪ ರಸ್ತೆಯನ್ನೇ ನೋಡುತ್ತ ಕುಳಿತಿದ್ದ. "ನಮ್ಮವ್ವನ ಮಾತು ಮುಗಿದಿಲ್ಲ ಹಂಗಾದ್ರ," ಎಂದ ಕೊನೆಗೆ. "ಭಾಲ್ಕಿ ಬ್ಯಾಡ. ಸೀದಾ ಬೀದರಕ್ಕ ಹೊಡಿ. ಚೀಲ ಇವರ ಮನ್ಯಾಗ ಇಳಸು."

ಕಾಜಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರರು ಆಮೆನ್ ಎಂದರು.

"ಆದ್ರ ಕೇಳ್ರಿ ಕಾಶೀನಾಥರ," ಹಣಮಂತಪ್ಪ ಹಿಂದೆ ತಿರುಗಿದ. ಹಳೆಯ ದನಿ ಮರಳಿ ಬಂದಿತ್ತು. "ಬರೋ ವರ್ಷ ಎಳ್ಳ ಅಮಾಸಿಗೆ ನೀವು ನಮ್ಮ ಹೊಲದಾಗ ಹಾಜರ ಇರ್ಬೇಕು. ಅವತ್ತ ನೀವು ಬ್ಯಾರೆ ಕಡಿ ಕಾಲಿಟ್ರಂದ್ರ ಒಂದು ಕಾಳೂ ಇಲ್ಲ. ತಿಳೀತಿಲ್ಲೋ?"

"ತಿಳೀತ್ರಿ ಅಣ್ಣಾರ."

ಅಷ್ಟರಲ್ಲಿ ಕಾಶೀನಾಥನ ಫೋನು ರಿಂಗಣಿಸಿತು. ವೈಜಿನಾಥ. ಹಿಂದೆ ಧೂಳಪ್ಪನ ದನಿಯೂ ಕೇಳುತ್ತಿತ್ತು. "ಚರಗದ ಪೂಜಾರ್ಯಾರ, ಊರ ಗ್ರೂಪಿಗಿ ನಿಮ್ಮ ಹೊಸ ಫೋಟೋ ಹಾಕೀವ್ರಿ, ಬುಟ್ಟಿ ಹಿಡದಿದ್ದು. ಬರೋ ವರ್ಷ ಚರಗಾ ಇವರೇ ಚೆಲ್ತಾರಂತ ಬರದೀವಿ. ಊರೆಲ್ಲಾ ಕಾಯ್ತಿರ್ತದ. ಬರ್ತೀರಲ್ಲ? ಹೌದಂತ ತಿಳೀಲೇನು?"

ಕಾಶೀನಾಥ ಫೋನನ್ನು ಕಿವಿಗೆ ಒತ್ತಿಕೊಂಡು, ಎರಡು ಸಲ "ಹೂಂ" ಎಂದು, ಬಂದ್ ಮಾಡಿದ.

"ಯಾರದರಿ ಫೋನು?" ಎಂದ ಹಣಮಂತಪ್ಪ.

"ಕಂಪನೀದು, ಅಣ್ಣಾರ. ರಿಚಾರ್ಜ್ ಮುಗೀತಂತ."

ಹೊಲದ ವಿಷಯ ಶುರುವಾದಾಗಿನಿಂದ ಕಾಶೀನಾಥ ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಜೀಪಿನಲ್ಲಿದ್ದ ಆರೂ ಮಂದಿ ಅದನ್ನು ಆ ಕ್ಷಣವೇ ನಂಬಿದರು.